ನಮ್ಮಜ್ಜಿಯ ಇಳಕಲ್ ಸೀರೆಗೆ ಲೋಗೋ ಇರಲಿಲ್ಲ

ಲೋಗೋ ಕಾಣದ, ಸದ್ದು ಮಾಡದ ದುಬಾರಿ ಬಟ್ಟೆಯೇ ಈಗಿನ ಫ್ಯಾಷನ್ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಉದಾಹರಣೆಗಳೆಲ್ಲ ಇಟಲಿಯ ಸ್ವೆಟರ್‌ಗಳೇ. ಬಾಗಲಕೋಟೆ ಜಿಲ್ಲೆಯ ಇಳಕಲ್ಲನ್ನೂ ಸೇರಿಸಬಹುದಿತ್ತು ಅಲ್ವಾ?

ನಮ್ಮಜ್ಜಿಯ ಇಳಕಲ್ ಸೀರೆ ನನ್ನ ಹತ್ತಿರ ಇದೆ. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ. ದೂರದಿಂದ ನೋಡಿದರೆ ಏನೂ ಇಲ್ಲ. ಹತ್ತಿರ ಬಂದರೆ ಸೆರಗಿನ ಬಿಳಿ ತೆನೆಗಳು ಕಾಣುತ್ತವೆ. ಇದರ ಒಡಲಿನ ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಜಾಗದ ಮೇಲೆ ಬೆರಳಾಡಿಸಿದರೆ ಸಣ್ಣ ಗೆರೆ ತಾಗುತ್ತದೆ. ಅಜ್ಜಿ ಆಮೇಲೆ ಹಾಕಿದ ಕಸೂತಿಯಲ್ಲಿ ಒಂದು ಗಂಟೂ ಇಲ್ಲ. ಗವಂತಿ ಎಂಬ, ಹೋದ ದಾರಿಯಲ್ಲೇ ಹಿಂದಿರುಗುವ ಹೊಲಿಗೆಯಾದ್ದರಿಂದ ಒಳಗೂ ಹೊರಗೂ ಒಂದೇ ಥರ ಕಾಣುತ್ತದೆ. ಒಳಗಡೆ ಯಾರು ನೋಡುತ್ತಾರೆ ಹೇಳಿ!

ಹರಿದ ಸೀರೆಗಳನ್ನೂ ಅವರು ಎಸೆಯುತ್ತಿರಲಿಲ್ಲ. ಎಲ್ಲ ಸೇರಿಸಿ ಕೌದಿ ಹೊಲಿಸುತ್ತಿದ್ದರು. ಸಸ್ಟೇನಬಲ್ ಅನ್ನೋ ಪದ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಕೊಳ್ಳುವವರಿಗೆ ಒಂದು ಮಾತು. ಹೋದ ವರ್ಷ ಒಂದು ಅಂಗಡಿಯಲ್ಲಿ ಕೈಮಗ್ಗದ್ದೆಂದು ಹೇಳಿ ನನಗೆ ಪವರ್‌ಲೂಮ್ ಸೀರೆ ಕೊಟ್ಟರು. ಮೊದಲ ಒಗೆತಕ್ಕೇ ಬಕೆಟ್ ನೀರೆಲ್ಲ ಕೆಂಪು. ರೇಷ್ಮೆ ಅಂದದ್ದೂ ಸುಳ್ಳು, ಬರೀ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಸೆರಗು ಒಡಲಿಗೆ ಸೇರುವ ಕಡೆ ತಿರುಗಿಸಿ ನೋಡಿ, ಕೊಂಡಿಗಳು ಕಾಣಬೇಕು. ನಾನು ಸುಮ್ನೆ ಬಣ್ಣಕ್ಕೆ ಮರುಳಾಗಿ ಅದನ್ನೇ ಮರೆತೆ. ಅಜ್ಜಿ ಇದ್ದಿದ್ದರೆ ಚೆನ್ನಾಗಿ ಬೈಯುತ್ತಿದ್ದರು.