ಭಕ್ತ ಎಂದರೆ ಬೆಂದ ಅನ್ನ

ಮೊನ್ನೆ ದಾವಣಗೆರೆಯ ಜಯದೇವ ವೃತ್ತದ ಹತ್ತಿರ ಒಂದು ಫ್ಲೆಕ್ಸ್ ಎದ್ದಿತ್ತು. ಮೇಲೆ ಕೈ ಮುಗಿದ ನಾಯಕರು, ಕೆಳಗೆ ಬಟಾಣಿ ಕಾಳು ಚೆಲ್ಲಿದಂತೆ ಸಾಲುಸಾಲು ಮುಖಗಳು. ಕೊನೆಯ ಸಾಲಿನವನೊಬ್ಬನ ಮೂಗಿನ ಮೇಲೆಯೇ ಚೌಕಟ್ಟಿನ ಮೊಳೆ ಬಿದ್ದಿತ್ತು. ಅಡಿಬರಹ, ‘ಕಟ್ಟಾ ಅಭಿಮಾನಿಗಳ ಬಳಗ’. ಮೊಳೆ ಹೊಡೆಸಿಕೊಂಡು ಗಳುವಿಗೆ ಕಟ್ಟಿಸಿಕೊಂಡವರನ್ನು ಕಟ್ಟಾ ಎನ್ನದೆ ಇನ್ನೇನೆನ್ನಬೇಕು?

ಹಿಂದೆ ‘ಬೆಂಬಲಿಗ’ ಸಾಕಾಗುತ್ತಿತ್ತು. ಮತ ಹಾಕಿ ಮನೆಗೆ ಹೋಗುತ್ತಿದ್ದ, ಪಾಪ. ‘ಅನುಯಾಯಿ’ ಎಂದರೆ ಹಿಂದೆ ಹೋಗುವವನು. ಅದಕ್ಕೆ ಕಾಲಾದರೂ ಬೇಕು. ‘ಅಭಿಮಾನಿ’ಗೆ ಕನ್ನಡದಲ್ಲಿ ಪ್ರೀತಿಯುಳ್ಳವನು, ಸಂಸ್ಕೃತದಲ್ಲಿ ಗರ್ವಿಷ್ಠ ಎಂಬ ಅರ್ಥ. ನಮ್ಮವರು ಎರಡನ್ನೂ ಕೈಬಿಟ್ಟಿಲ್ಲ: ಪ್ರೀತಿಯನ್ನು ನಾಯಕರಿಗೆ ಅರ್ಪಿಸಿ, ಗರ್ವವನ್ನು ಪಕ್ಕದ ಮನೆಯವರ ಮೇಲೆ ತೀರಿಸುತ್ತಾರೆ. ಈಗ ಬಡ್ತಿ ಸಿಕ್ಕಿ ‘ಭಕ್ತ’ರಾಗಿದ್ದಾರೆ. ಈ ಪದಕ್ಕೆ ಸಂಸ್ಕೃತದಲ್ಲಿ ಬೇಯಿಸಿದ ಅನ್ನ ಎಂಬ ಅರ್ಥವೂ ಉಂಟು. ಬಿಸಿಬೇಳೆಬಾತಿನ ‘ಬಾತ್’ ಅದರದೇ ಮೊಮ್ಮಗ. ಆದ್ದರಿಂದ ಯಾರಾದರೂ ಭಕ್ತ ಎಂದು ಹೀಯಾಳಿಸಿದರೆ ಸಿಟ್ಟಾಗಬೇಕಾಗಿಲ್ಲ. ಚೆನ್ನಾಗಿ ಬೆಂದಿದ್ದೀರಿ, ಉಣ್ಣುವವರು ಬೇರೆ, ಅಷ್ಟೇ.

ಇಷ್ಟು ಅನ್ನ ಬೇಯುವುದಕ್ಕೆ ಉರಿ ಬೇಡವೇ? ಅದೇ ವಿವಾದ. ಗೌತಮ ಮುನಿಯ ಹಳೆಯ ತರ್ಕಗ್ರಂಥ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆ ಮಾಡುತ್ತದೆ. ನಿಜ ತಿಳಿಯಲು ವಾದ, ಗೆಲ್ಲಲು ಜಲ್ಪ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನಷ್ಟೇ ಕೆಡಹಲು ವಿತಂಡ. ವಿತಂಡಿಗೆ ಪಕ್ಷವಿಲ್ಲ ಎಂದು ಶಾಸ್ತ್ರ. ಪಾಪ, ಶಾಸ್ತ್ರಕಾರರು ಪಕ್ಷಾಂತರವನ್ನು ಕಂಡವರಲ್ಲ. ಪತ್ರಿಕೆಗಳಂತೂ ದಿನಕ್ಕೊಂದು ‘ವಿವಾದಾತ್ಮಕ ಹೇಳಿಕೆ’ ಅಚ್ಚು ಮಾಡುತ್ತವೆ. ಸರಿಯಾಗಿಯೇ ಇದೆ. ಆ ಮಾತಿಗೆ ವಿವಾದವೇ ಆತ್ಮ. ಅದನ್ನು ತೆಗೆದರೆ ಉಳಿಯುವುದು ಮೈಕು ಮಾತ್ರ.

ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿಯ ಮುಂದೆ ಇಬ್ಬರು ಕೊರಳಪಟ್ಟಿ ಹಿಡಿಯುವ ಹಂತಕ್ಕೆ ಬಂದಿದ್ದರು. ಫ್ಲೆಕ್ಸಿನ ನಾಯಕರ ಹೇಳಿಕೆಯೇ ಕಾರಣವಂತೆ. ‘ಅವರು ಹೇಳಿದ್ದಾದರೂ ಏನು?’ ಎಂದು ಕೇಳಿದೆ.

‘ಏನಾದರೂ ಹೇಳಿರಲಿ ಸರ್, ಅದನ್ನು ತಿರುಚಿದ್ದಾರೆ’ ಎಂದ ಒಬ್ಬ.

‘ಏನಾದರೂ ಹೇಳಿರಲಿ ಸರ್, ಕ್ಷಮೆ ಕೇಳಲೇಬೇಕು’ ಎಂದ ಇನ್ನೊಬ್ಬ.

ಮಿರ್ಚಿ ಇಟ್ಟುಕೊಟ್ಟಿದ್ದ ಹಳೆಯ ಪತ್ರಿಕೆಯ ಹಾಳೆಯಲ್ಲೇ ಆ ಹೇಳಿಕೆ ಪೂರ್ತಿಯಾಗಿ ಅಚ್ಚಾಗಿತ್ತು. ಇಬ್ಬರೂ ಅದಕ್ಕೇ ಎಣ್ಣೆ ಕೈ ಒರೆಸಿ, ಮುದ್ದೆ ಮಾಡಿ ಎಸೆದು, ಮತ್ತೆ ಶುರು ಮಾಡಿದರು.