ಡಾಲ್ಫಿನ್‌ಗೆ ಗ್ಯಾರಂಟಿ ಕೇಳಬೇಡಿ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಹುಬ್ಬಳ್ಳಿ, ಬೆಂಗಳೂರಿನ ನೆಂಟರಿಂದ ಕಾರವಾರದವರಿಗೆ ಫೋನ್ ಶುರು. ಮೊದಲ ಪ್ರಶ್ನೆ, ಮೀನೂಟ ಎಲ್ಲಿ ಚೆನ್ನಾಗಿದೆ ಎಂಬುದು. ಎರಡನೆಯದು, ‘ಡಾಲ್ಫಿನ್ ಗ್ಯಾರಂಟಿ ಕಾಣಿಸುತ್ತದೆಯೇ?’ ಮೊದಲನೆಯದಕ್ಕೆ ಖುಷಿಯಿಂದ ಉತ್ತರಿಸುತ್ತೇನೆ. ಎರಡನೆಯದಕ್ಕೆ ಸಿಟ್ಟು ಬರುತ್ತದೆ. ಯಾಕೆಂದು ಒಮ್ಮೆ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಜೋಯಿಡಾದ ಡಿಗ್ಗಿ ಕಡೆಯಿಂದ ಹೊರಟ ಕಾಳಿ ನದಿ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ, ಸುಮಾರು 184 ಕಿ.ಮೀ. ಹರಿದು ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಈ ಅಳಿವೆಯ ಆಸುಪಾಸಿನಲ್ಲೇ, ದೇವಬಾಗ ತೀರ, ಕೂರ್ಮಗಡ ದ್ವೀಪದ ಸುತ್ತ, ಗೂನುಬೆನ್ನಿನ ಡಾಲ್ಫಿನ್‌ಗಳು ಓಡಾಡುವುದು. ಇವು ಆಳ ಸಮುದ್ರದವಲ್ಲ. ದಡಕ್ಕೆ ಹತ್ತಿರದ ಆಳವಿಲ್ಲದ ನೀರೇ ಇವುಗಳ ನೆಲೆ, ಅಂದರೆ ನಮ್ಮ ದೋಣಿ, ಬಲೆ, ಬಂದರು ಎಲ್ಲ ಇರುವ ಜಾಗವೇ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ (ಐಯುಸಿಎನ್) ಇವುಗಳನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವ ಮೊದಲನೇ ಅನುಸೂಚಿಯ (ಶೆಡ್ಯೂಲ್ 1) ರಕ್ಷಣೆಯೇ ಇವಕ್ಕೂ ಇದೆ.

ಇಷ್ಟಾಗಿಯೂ ರಜೆಯ ದಿನ ನಡೆಯುವುದೇನು? ನೀಳವಾದ ಮೂತಿ ಮೊದಲು ಮೇಲೆ ಬರುತ್ತದೆ. ಆಮೇಲೆ ಬೂದು ಬೆನ್ನಿನ ಗೂನು, ಅದರ ಮೇಲೊಂದು ಪುಟ್ಟ ಈಜುರೆಕ್ಕೆ. ಹತ್ತಿರವಿದ್ದರೆ ‘ಫುಸ್’ ಎಂದು ಉಸಿರು ಬಿಟ್ಟದ್ದೂ ಕೇಳುತ್ತದೆ. ಅಷ್ಟರಲ್ಲಿ ‘ಅಲ್ಲಿ! ಅಲ್ಲಿ!’ ಎಂಬ ಕೂಗು, ಎಂಜಿನ್‌ನ ಅಬ್ಬರ, ನಾಲ್ಕು ದಿಕ್ಕಿನಿಂದ ನಾಲ್ಕು ದೋಣಿ. ಪ್ರಾಣಿ ಮುಳುಗುತ್ತದೆ, ಉಸಿರಿಗಾಗಿ ಮತ್ತೆ ಮೇಲೆ ಬರಲೇಬೇಕು, ಬಂದ ಕಡೆಗೆ ಮತ್ತೆ ದೋಣಿ ತಿರುಗುತ್ತದೆ. ಜೊತೆಯಲ್ಲಿ ಮರಿಯಿದ್ದರಂತೂ ಆ ತಾಯಿಯ ಪಾಡು ಕೇಳುವುದೇ ಬೇಡ. ಕದಡಿದ ನೀರಿನಲ್ಲಿ ಡಾಲ್ಫಿನ್ ಮೀನು ಹುಡುಕುವುದು ತಾನೇ ಹೊರಡಿಸಿದ ಸದ್ದಿನ ಪ್ರತಿಧ್ವನಿಯಿಂದ. ಸುತ್ತ ಎಂಜಿನ್‌ಗಳು ಮೊರೆಯುತ್ತಿದ್ದರೆ ಅದು ಬೇಟೆಯಾಡುವುದಾದರೂ ಹೇಗೆ?

ದೋಣಿಯವರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅವರಲ್ಲಿ ಬಹಳಷ್ಟು ಮಂದಿ ಮೀನುಗಾರರ ಮನೆಯವರು. ಭರತ (ಸಮುದ್ರದ ಉಬ್ಬರ) ಯಾವಾಗ ತಿರುಗುತ್ತದೆ, ಮೀನಿನ ಹಿಂಡು ಯಾವ ಕಡೆ ಇದೆ ಎಂದು ನೀರಿನ ಬಣ್ಣ ನೋಡಿಯೇ ಹೇಳಬಲ್ಲವರು. ಆದರೆ ಗಿರಾಕಿ ದಡದಲ್ಲೇ ‘ತೋರಿಸದಿದ್ದರೆ ದುಡ್ಡಿಲ್ಲ’ ಎಂದರೆ ಅವರು ಬೆನ್ನಟ್ಟದೆ ಇನ್ನೇನು ಮಾಡಬೇಕು? ತಪ್ಪು ಇರುವುದು ಆ ಕರಾರಿನಲ್ಲಿ. ಅದನ್ನು ಬದಲಿಸುವುದು ದುಡ್ಡು ಕೊಡುವವರ ಕೈಯಲ್ಲಿದೆ. ದೋಣಿ ಹತ್ತುವ ಮೊದಲೇ ಹೇಳಿ: ‘ಅಣ್ಣಾ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುತ್ತೇವೆ. ಡಾಲ್ಫಿನ್ ಕಾಣದಿದ್ದರೂ ಪೂರ್ತಿ ಕೊಡುತ್ತೇವೆ. ದೂರದಲ್ಲೇ ಎಂಜಿನ್ ಆಫ್ ಮಾಡಿ ನಿಲ್ಲಿಸಿ.’ ಹೀಗೆ ಹೇಳಿದಾಗ ದೋಣಿಯವರ ಮುಖದ ಬಿಗುವು ಸಡಿಲವಾಗುವುದನ್ನು ನಾನು ನೋಡಿದ್ದೇನೆ. ಆಮೇಲೆ ಅವರಾಗಿಯೇ ಕಥೆ ಹೇಳತೊಡಗುತ್ತಾರೆ. ನಿಂತ ದೋಣಿಯ ಸಮೀಪಕ್ಕೆ ಡಾಲ್ಫಿನ್‌ಗಳು ಕೆಲವೊಮ್ಮೆ ತಾವಾಗಿಯೇ ಬರುವುದೂ ಉಂಟು. ಬಾರದಿದ್ದರೆ ತಲೆಯ ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಇದೆ, ಗರುಡ ಇದೆ. ಅವಕ್ಕೆ ಟಿಕೆಟ್ ಇಲ್ಲದ್ದರಿಂದ ಯಾರೂ ಕತ್ತೆತ್ತಿ ನೋಡುವುದಿಲ್ಲ, ಅಷ್ಟೇ.

ನನ್ನನ್ನು ಕೇಳಿದರೆ ಕಾರವಾರದ ಅತ್ಯುತ್ತಮ ವನ್ಯಜೀವಿ ದರ್ಶನ ಕೆಸರಿನಲ್ಲಿದೆ. ಕೋಡಿಬಾಗ, ಸುಂಕೇರಿ ಕಡೆಯ ಹಿನ್ನೀರಿನಲ್ಲಿ, ಕಾಳಿಮಾತಾ ದ್ವೀಪದ ಸುತ್ತ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದೆ. ಇಳಿತದ ಹೊತ್ತು ನೋಡಿಕೊಂಡು ಹೋಗಿ, ಒಂದೇ ಕಡೆ ಸುಮ್ಮನೆ ನಿಲ್ಲಿ. ನೀವು ಬಂದಾಗ ಬಿಲ ಸೇರಿದ ಏಡಿಗಳು ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಹೊರಬರುತ್ತವೆ. ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಇನ್ನೊಂದು ಕಿರಿದು. ದೊಡ್ಡದು ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಬೆದರಿಸಲು. ಊಟವೆಲ್ಲ ಚಿಕ್ಕ ಕೊಂಡಿಯಿಂದಲೇ. ಪಕ್ಕದಲ್ಲೇ ಕಣ್ಣು ನೆತ್ತಿಗೇರಿಸಿಕೊಂಡ ಮೀನೊಂದು ನೀರು ಬಿಟ್ಟು ಕೆಸರಿನ ಮೇಲೆ ತೆವಳುತ್ತಿರುತ್ತದೆ. ಮೈ ಒದ್ದೆಯಿರುವಷ್ಟು ಹೊತ್ತು ಚರ್ಮದಿಂದಲೂ ಉಸಿರಾಡಬಲ್ಲ ಮೀನು ಅದು. ಮೇಲೆ ನೋಡಿದರೆ ಕಾಂಡ್ಲಾ ಬೀಜಗಳು ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಜೋತುಬಿದ್ದಿರುತ್ತವೆ. ಇಳಿತದಲ್ಲಿ ಬಿದ್ದದ್ದು ಕೆಸರಿಗೆ ನೆಟ್ಟಗೆ ನಾಟಿಕೊಂಡು ಅಲ್ಲೇ ಗಿಡವಾಗಬಹುದು. ಭರತದಲ್ಲಿ ಬಿದ್ದದ್ದು ತೇಲುತ್ತ ಇನ್ಯಾವುದೋ ದಡ ಸೇರುತ್ತದೆ. ಅದೃಷ್ಟವಿದ್ದರೆ ನೀರುನಾಯಿಯೂ ಕಂಡೀತು.

ಇದನ್ನೆಲ್ಲ ಹೇಳಿದರೆ ನೆಂಟರು ‘ಕೆಸರು ನೋಡಲು ಅಷ್ಟು ದೂರದಿಂದ ಬರಬೇಕೇ?’ ಎನ್ನುತ್ತಾರೆ. ಬರಬೇಡಿ ಎಂದು ಹೇಳಲು ಬಾಯಿ ಬರುವುದಿಲ್ಲ, ಅತಿಥಿಗಳಲ್ಲವೇ. ಯುವಕ ರವೀಂದ್ರನಾಥ ಟ್ಯಾಗೋರರು 1880ರ ದಶಕದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು, ಇದೇ ಕಾಳಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋಗಿದ್ದರು. ಅವರ ಹೆಸರಿನ ಕಡಲತೀರದಲ್ಲಿ ನಿಲ್ಲಿಸಿರುವ ಯುದ್ಧನೌಕೆಯ ಮುಂದೆ ಸೆಲ್ಫಿ ತೆಗೆದುಕೊಳ್ಳುವವರಿಗೆ ಇದನ್ನು ನೆನಪಿಸುವುದು ನನಗೊಂದು ಚಟ.

ಕಡಲಾಮೆಗಳ ವಿಷಯವನ್ನೂ ಹೇಳಬೇಕು. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ದೇವಬಾಗ, ಮಾಜಾಳಿಯಂಥ ತೀರಗಳಿಗೆ ರಾತ್ರಿ ಬಂದು ಮರಳು ತೋಡಿ, ಒಂದು ಗೂಡಿಗೆ ನೂರರ ಆಸುಪಾಸು ಮೊಟ್ಟೆಯಿಟ್ಟು ಹೋಗುತ್ತವೆ. ಅರಣ್ಯ ಇಲಾಖೆಯವರು ಗೂಡುಗಳಿಗೆ ಬಲೆಯ ಬೇಲಿ ಕಟ್ಟಿ ಕಾಯುತ್ತಾರೆ. ಒಂದೂವರೆ, ಎರಡು ತಿಂಗಳಿಗೆ ಹೊರಬರುವ ಮರಿಗಳು ಬೆಳಕು ಹೆಚ್ಚಿರುವ ದಿಗಂತವನ್ನೇ ಸಮುದ್ರವೆಂದು ನಂಬಿ ನಡೆಯುತ್ತವೆ. ನಿಮ್ಮ ಮೊಬೈಲ್ ಟಾರ್ಚು, ಹಿಂದಿನ ಹೋಟೆಲಿನ ಝಗಮಗ ದೀಪ, ಎರಡೂ ಅವನ್ನು ದಾರಿ ತಪ್ಪಿಸುತ್ತವೆ. ಮರಿಯನ್ನು ಅಂಗೈಯಲ್ಲಿಟ್ಟು ಫೋಟೊ ತೆಗೆಸಿಕೊಂಡವರ ಪೋಸ್ಟ್‌ಗೆ ಲೈಕ್ ಒತ್ತುವ ಮೊದಲು ಇದು ಗಮನದಲ್ಲಿರಲಿ.

ಪ್ರವಾಸಿಗರಿಗಷ್ಟೇ ಬುದ್ಧಿ ಹೇಳಿ ಮುಗಿಸಿದರೆ ಅನ್ಯಾಯವಾದೀತು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಇಲ್ಲಿ ಬೀದಿಗಿಳಿದವರು ಮೀನುಗಾರರು. ಈ ತೀರ ಉಳಿಯಬೇಕೆಂದು ಕೂಗಿದವರೂ ಅವರೇ, ನಿಮ್ಮನ್ನು ಡಾಲ್ಫಿನ್ ನೋಡಲು ಕರೆದೊಯ್ಯುವವರೂ ಅವರ ಕಡೆಯವರೇ. ಅವರೊಂದಿಗೆ ಕುಳಿತು ಒಂದು ನಿಯಮ ಮಾಡಲು ಸರ್ಕಾರಕ್ಕೆ ದೊಡ್ಡ ಖರ್ಚೇನೂ ಇಲ್ಲ: ಒಂದು ಹಿಂಡಿನ ಬಳಿ ಎಷ್ಟು ದೋಣಿ, ಎಷ್ಟು ದೂರ, ಎಷ್ಟು ಹೊತ್ತು. ದೋಣಿ ಹತ್ತುವ ಜಾಗಗಳಲ್ಲೆಲ್ಲ ಅದನ್ನು ಕನ್ನಡ, ಕೊಂಕಣಿಗಳಲ್ಲಿ ದೊಡ್ಡದಾಗಿ ಬರೆದು ಹಾಕಲಿ, ‘ಡಾಲ್ಫಿನ್ ಕಾಣದಿದ್ದರೂ ಬಾಡಿಗೆ ಪೂರ್ತಿ’ ಎಂಬ ಸಾಲನ್ನೂ ಸೇರಿಸಿ.