ಕರೆಂಟ್ ಹೋಗುವುದು ಅಮ್ಮನ ಮನೆಯಲ್ಲಿ, ಮೆಸೇಜ್ ಬರುವುದು ನನ್ನ ಫೋನಿಗೆ

ಬೆಳಗ್ಗೆಯಿಂದ ಮನಸ್ಸು ಸರಿಯಿಲ್ಲ. ಬರೆದರಾದರೂ ಸ್ವಲ್ಪ ಹಗುರ ಆಗಬಹುದು.

ಹನ್ನೊಂದು ಗಂಟೆಗೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಹಿತ್ತಲಲ್ಲಿ ಕೂತು ಹಳೇ ಒರಳುಕಲ್ಲು ತೊಳೆಯುತ್ತಿದ್ದರು. ಅದರ ಮೇಲೆ ಎಷ್ಟೋ ವರ್ಷದಿಂದ ದೊಡ್ಡಪತ್ರೆ ಕುಂಡ ಇತ್ತು. ಒಬ್ಬರೇ ಅದನ್ನು ಪಕ್ಕಕ್ಕೆ ಸರಿಸಿದ್ದಾರೆ. "ಗ್ರೈಂಡರ್‌ಗೆ ಉದ್ದು ಹಾಕಿದ್ದೆ, ಅಷ್ಟರಲ್ಲಿ ಕರೆಂಟ್ ಹೋಯ್ತು ಕಣೇ. ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದೆ. ನೆನೆಸಿದ್ದು ಹಾಳಾಗುತ್ತಲ್ಲ" ಅಂದರು. ಎಪ್ಪತ್ತೊಂದು ವರ್ಷ. ಮಂಡಿಗೆ ದಿನಾ ಎಣ್ಣೆ ತಿಕ್ಕಿಕೊಂಡೇ ಮಲಗುವವರು. ನಾಳೆ ಅಕ್ಕನ ಮಕ್ಕಳು ಬರುತ್ತಾರೆಂದು ಎರಡು ಸೇರು ಅಕ್ಕಿ ನೆನೆಸಿದ್ದರು.

ಆಮೇಲೆ ನನ್ನ ಫೋನ್ ತೆಗೆದು ನೋಡಿದೆ. ನಿನ್ನೆ ರಾತ್ರಿ 8.47ಕ್ಕೇ ಮೆಸೇಜ್ ಬಂದಿದೆ. ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇಲ್ಲ. ಬಂದಿರುವುದು ನನಗೆ, ಬೆಂಗಳೂರಲ್ಲಿರುವ ನನಗೆ! ಲೋನ್ ಬೇಕಾ ಅನ್ನುವ ಮೆಸೇಜ್‌ಗಳ ಜೊತೆ ಅದನ್ನೂ ಅಳಿಸಲು ಹೊರಟಿದ್ದೆ. ನಿನ್ನೆಯೇ ಓದಿ ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಆ ತಪ್ಪು ನನ್ನದೇ. ಆದರೆ ಅದೇ ವಿಷಯ ಅರ್ಥವಾಗುವ ಹಾಗೆ ಅಮ್ಮನ ಫೋನಿಗೆ ಹೋಗಿದ್ದರೆ ಬೆಳಗ್ಗೆ ಆರಕ್ಕೇ ರುಬ್ಬಿ ಮುಗಿಸುತ್ತಿದ್ದರು, ಮೋಟಾರ್ ಹಾಕಿ ಟ್ಯಾಂಕ್ ತುಂಬಿಸುತ್ತಿದ್ದರು.

ಅಪ್ಪ ಹೋಗಿ ಮೂರು ವರ್ಷ ಆಯಿತು ಅಂತ ನಿಮಗೆಲ್ಲ ಗೊತ್ತು. ಮೀಟರ್ ಇನ್ನೂ ಅವರ ಹೆಸರಲ್ಲೇ ಇದೆ. ಬಿಲ್ ಕಟ್ಟುವುದು ನಾನು, ಅದಕ್ಕೆ ನನ್ನ ನಂಬರ್ ಕೊಟ್ಟಿದ್ದೆ. ಅಮ್ಮನ ನಂಬರನ್ನೂ ಸೇರಿಸಿ ಅಂತ ಕರೆಂಟ್ ಆಫೀಸಿಗೆ ಹೋಗಿ ಕೇಳಿದ್ದೆ. ಒಂದು ಆರ್‌ಆರ್ ನಂಬರಿಗೆ (ಬಿಲ್ಲಿನಲ್ಲಿರುವ ಕರೆಂಟ್ ಸಂಪರ್ಕದ ನಂಬರ್) ಒಂದೇ ಮೊಬೈಲ್ ನಂಬರ್, ಬದಲಾಯಿಸಬೇಕಾದರೆ ಮೊದಲು ಹೆಸರು ಬದಲಾಯಿಸಿ ಅಂದರು. ಬಾಡಿಗೆ ಮನೆಯವರ ಕಥೆಯೂ ಇದೇ ಅಲ್ವಾ? ಮೀಟರ್ ಓನರ್ ಹೆಸರಲ್ಲಿ, ಮೆಸೇಜ್ ಓನರ್ ಫೋನಿಗೆ. ಕತ್ತಲಲ್ಲಿ ಕೂರುವವರಿಗೆ ಸುದ್ದಿಯೇ ಇಲ್ಲ.

ಮೆಸೇಜ್ ಅಮ್ಮನಿಗೇ ಬಂದಿದ್ದರೂ ಅದು ಪೂರ್ತಿ ಇಂಗ್ಲಿಷ್. ಯಾವ ಊರು, ಯಾವ ಬೀದಿ ಅಂತಿಲ್ಲ. 11 ಕೆವಿ ಫೀಡರ್, ಅಂದರೆ ನಮ್ಮ ಕಡೆಗೆ ಕರೆಂಟ್ ತರುವ ದೊಡ್ಡ ಲೈನಿನ ಹೆಸರು ಇದೆ. ನಮ್ಮ ಮನೆ ಯಾವ ಫೀಡರ್ ಅಂತ ನನಗೇ ಗೊತ್ತಿಲ್ಲ. "ನಾಳೆ ಹತ್ತರಿಂದ ಐದರವರೆಗೆ ನಿಮ್ಮ ಬೀದಿಯಲ್ಲಿ ಕರೆಂಟ್ ಇರುವುದಿಲ್ಲ." ಇಷ್ಟು ಕನ್ನಡದಲ್ಲಿ ಬರೆಯಲಿ, ಸಾಕು. ಓದಲು ಬಾರದವರಿಗೆ ಇದನ್ನೇ ಫೋನಿನಲ್ಲಿ ಹೇಳಿಸಲಿ. ಪಕ್ಕದ ಮನೆ ಅಜ್ಜನಿಗೆ ದಿನಕ್ಕೆ ಎರಡು ಸಲ ನೆಬ್ಯುಲೈಸರ್ ಹಾಕಬೇಕು. ಅದೂ ಕರೆಂಟ್‌ನಲ್ಲೇ ನಡೆಯುವುದು.

2020ರ ಕೊನೆಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಂದಿತು. ಮೊದಲೇ ಗೊತ್ತಿರುವ ಕಡಿತವನ್ನು ಗ್ರಾಹಕರಿಗೆ ತಿಳಿಸಬೇಕು. ದಿಢೀರ್ ಹೋದರೆ ಎಸ್‌ಎಂಎಸ್ ಕಳಿಸಿ, ಯಾವಾಗ ಬರಬಹುದು ಅಂತಲೂ ಹೇಳಬೇಕು. ನಿಯಮ ಚೆನ್ನಾಗಿಯೇ ಇದೆ. ಆದರೆ ಗ್ರಾಹಕರು ಅಂದರೆ ಯಾರು? ಬಿಲ್ಲಿನಲ್ಲಿ ಹೆಸರಿರುವವರಾ, ಆ ಮನೆಯಲ್ಲಿ ಬದುಕುತ್ತಿರುವವರಾ?

"ಮೊದಲು ಇಷ್ಟೂ ಇರಲಿಲ್ಲ, ಪೇಪರ್‌ನಲ್ಲಿ 'ವಿದ್ಯುತ್ ವ್ಯತ್ಯಯ' ಅಂತ ಬಂದರೆ ಬಂತು" ಅಂತ ತಮ್ಮ ಹೇಳಿದ. ನಿಜ. ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ಗಳ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಇವತ್ತು ಅಮ್ಮನಿಗೆ ವಿಷಯ ಹೇಳಿದವರೂ ಲೈನ್‌ಮ್ಯಾನೇ. "ಎಲ್‌ಸಿ ತಗೊಂಡಿದ್ದೀವಿ ಅಮ್ಮಾ, ಐದು ಗಂಟೆ ಆಗುತ್ತೆ" ಅಂತ ಬೀದಿಯಲ್ಲಿ ನಿಂತು ಕೂಗಿ ಹೇಳಿದರಂತೆ. ಎಲ್‌ಸಿ ಅಂದರೆ ಕೆಲಸ ಮಾಡಲು ಲೈನ್ ಆಫ್ ಮಾಡಿಸಿಕೊಳ್ಳುವ ಅನುಮತಿ. ಇಷ್ಟೆಲ್ಲ ವ್ಯವಸ್ಥೆ ಇಟ್ಟುಕೊಂಡು ಕೊನೆಗೆ ಅವರೇ ಕೂಗಬೇಕಾ?

ಆಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ತುರ್ತು ಎಚ್ಚರಿಕೆಯ ಪರೀಕ್ಷೆ ಅಂತ ರಾಜ್ಯದಲ್ಲಿ ಫೋನ್‌ಗಳು ಒಟ್ಟಿಗೆ ಕಿರುಚಿಕೊಂಡವಲ್ಲ, ಆಗ ಯಾರ ಹೆಸರನ್ನೂ ಕೇಳಿರಲಿಲ್ಲ. ಮೊಬೈಲ್ ಟವರ್‌ನ ವ್ಯಾಪ್ತಿಯಲ್ಲಿ ಯಾರಿದ್ದರೋ ಅವರಿಗೆ ಬಂತು. ನಾನು ಅಷ್ಟನ್ನೂ ಕೇಳುತ್ತಿಲ್ಲ. ಒಂದು ಮೀಟರಿಗೆ ಇನ್ನೊಂದು ನಂಬರ್ ಸೇರಿಸುವ ಜಾಗ ಕೊಡಿ ಅಂತಿದ್ದೇನೆ.

ಸೋಮವಾರ ರಜೆ ಹಾಕಿದ್ದೇನೆ. ಅಪ್ಪನ ಡೆತ್ ಸರ್ಟಿಫಿಕೇಟ್, ಮನೆ ಪತ್ರ, ಅಮ್ಮನ ಆಧಾರ್, ಹಳೇ ಬಿಲ್ ಎಲ್ಲದರ ಜೆರಾಕ್ಸ್ ಮಾಡಿಸಿಟ್ಟೆ. ನಂಬರ್ ಕೇಳುವ ಕಡೆ ಈ ಸಲ ಅಮ್ಮನದೇ ಬರೆಯುತ್ತೇನೆ.